ಕಾಲುಸಂಕ ಎಣಿಸಿದ ವರ್ಷ

ಹೊಸನಗರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ನಾನು ಮೇಲ್ವಿಚಾರಕಿ. ಈಗ ಅದರ ಫಲಕದ ಮೇಲೆ ಅರಿವು ಕೇಂದ್ರ ಎಂದು ಬರೆದಿದೆ. 2020ರ ನವೆಂಬರ್‌ನಲ್ಲಿ, ಕೊರೊನಾದಿಂದ ಶಾಲೆಗಳು ಮುಚ್ಚಿದ್ದ ಕಾಲದಲ್ಲಿ, ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದೊಳಗಿನ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲು ಆರಂಭಿಸಿದಾಗ, ಅಲ್ಲಿಯವರೆಗೆ ದಿನಪತ್ರಿಕೆಗಾಗಿ ಬರುವ ಏಳೆಂಟು ಹಿರಿಯರಷ್ಟೇ ಇದ್ದ ನಮ್ಮ ಕೋಣೆ ಮಕ್ಕಳಿಂದ ತುಂಬಿತು. ಶಾಲೆ ತೆರೆದ ಮೇಲೂ ಸಂಜೆಯ ಹೊತ್ತು ಇಪ್ಪತ್ತರಷ್ಟು ಮಕ್ಕಳು ಬರುವುದನ್ನು ಬಿಡಲಿಲ್ಲ. ಅವರಿಗೆ ನಾನು ಅಕ್ಕ. ಪುಸ್ತಕ ಕೊಡುವುದು, ಗಲಾಟೆ ಹೆಚ್ಚಾದರೆ ಗದರುವುದು, ಕತ್ತಲಾಗುವ ಮೊದಲು ಮನೆಗೆ ಹೊರಡಿಸುವುದು, ಇಷ್ಟೇ ನನ್ನ ಕೆಲಸವೆಂದು ತಿಳಿದಿದ್ದೆ. 2023ರಲ್ಲಿ, ಮಕ್ಕಳು ತಮ್ಮ ಸಮಸ್ಯೆಗಳನ್ನು ಪಂಚಾಯಿತಿಯ ಮುಂದಿಡುವ ಮಕ್ಕಳ ಗ್ರಾಮಸಭೆಗೆ ಅವರನ್ನು ಸಿದ್ಧಗೊಳಿಸುವ ಜವಾಬ್ದಾರಿ ನನ್ನ ಪಾಲಿಗೆ ಬಂದ ಮೇಲೆ, ಮಕ್ಕಳ ಜೊತೆ ಇರುವ ದೊಡ್ಡವರು ಒಂದೇ ದಿನದಲ್ಲಿ ಎಷ್ಟು ಬೇರೆ ಬೇರೆ ಪಾತ್ರಗಳನ್ನು ವಹಿಸಬೇಕಾಗುತ್ತದೆ ಎಂಬುದು ಅರಿವಿಗೆ ಬಂದಿತು.

ಅದಕ್ಕೆ ಹಿಂದಿನ ವರ್ಷದ ಸಭೆಯನ್ನು ನಾನು ನೋಡಿದ್ದೆ. ಶಾಮಿಯಾನದ ಕೆಳಗೆ ಜಮಖಾನ ಹಾಸಿ ಮಕ್ಕಳನ್ನು ಸಮವಸ್ತ್ರದಲ್ಲಿ ಕೂರಿಸಿದ್ದರು; ಕುರ್ಚಿಗಳೆಲ್ಲ ವೇದಿಕೆಯ ಮೇಲಿದ್ದವು. ಪ್ರಾರ್ಥನೆ, ಸ್ವಾಗತ, ದೀಪ ಬೆಳಗಿಸುವುದು, ಒಬ್ಬರಾದ ಮೇಲೊಬ್ಬರ ಭಾಷಣ ಎಲ್ಲ ಮುಗಿಯುವ ಹೊತ್ತಿಗೆ ಒಂದೂವರೆ ಗಂಟೆ ಕಳೆದಿತ್ತು. ಕೊನೆಯಲ್ಲಿ ಇಬ್ಬರು ಮಕ್ಕಳು ಎದ್ದು ನಿಂತು, ದೊಡ್ಡವರೊಬ್ಬರು ಬರೆದುಕೊಟ್ಟಿದ್ದ ಚೀಟಿಯನ್ನು ಓದಿದರು. ಬಿಸ್ಕತ್ತು ಹಂಚಿ, ಫೋಟೊ ತೆಗೆದು, ಸಭೆ ಮುಗಿಸಿದರು. ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ಸಭೆ ಸುಸೂತ್ರವಾಗಿ ನಡೆಯಿತೆಂದು ಎಲ್ಲರಿಗೂ ಸಮಾಧಾನವೇ ಆಗಿತ್ತು, ನನಗೂ ಆಗಿತ್ತು.

ಮುಂದಿನ ಬೇಸಿಗೆಯಲ್ಲಿ ಶಿವಮೊಗ್ಗದಲ್ಲಿ ನಡೆದ ಒಂದು ದಿನದ ತರಬೇತಿಗೆ ನನ್ನನ್ನು ಕಳುಹಿಸಿದರು. ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿತು, ಭಾರತ 1992ರಲ್ಲಿ ಒಪ್ಪಿತು, ಅದರ 12ನೆಯ ವಿಧಿ ಮಕ್ಕಳಿಗೆ ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನೂ, ಆ ಅಭಿಪ್ರಾಯಕ್ಕೆ ಅವರ ವಯಸ್ಸು ಮತ್ತು ಪ್ರೌಢಿಮೆಗೆ ತಕ್ಕ ಬೆಲೆ ಸಿಗಬೇಕೆಂಬುದನ್ನೂ ಹೇಳುತ್ತದೆ ಎಂದು ಅಲ್ಲಿ ಕೇಳಿದೆ. ಆಮೇಲೆ ತರಬೇತಿ ಕೊಡುವವರು ಕಪ್ಪುಹಲಗೆಯ ಮೇಲೆ ಒಂದು ಏಣಿ ಬರೆದರು. ರೋಜರ್ ಹಾರ್ಟ್ ಎಂಬ ಪರಿಸರ ಮನೋವಿಜ್ಞಾನಿ 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಪ್ರಬಂಧದಲ್ಲಿ ಮಕ್ಕಳ ಭಾಗವಹಿಸುವಿಕೆಯನ್ನು 8 ಮೆಟ್ಟಿಲುಗಳ ಏಣಿಯಾಗಿ ತೋರಿಸಿದ್ದಾರೆ. ಕೆಳಗಿನ ಮೂರು ಮೆಟ್ಟಿಲುಗಳನ್ನು ಭಾಗವಹಿಸುವಿಕೆ ಎಂದು ಅವರು ಒಪ್ಪುವುದೇ ಇಲ್ಲ: ಮಕ್ಕಳನ್ನು ದೊಡ್ಡವರ ಮಾತಿಗೆ ಬಳಸಿಕೊಳ್ಳುವುದು, ಅಲಂಕಾರಕ್ಕೆ ಕೂರಿಸುವುದು, ನೆಪಮಾತ್ರಕ್ಕೆ ಮಾತನಾಡಿಸುವುದು. ಹಲಗೆಯ ಮುಂದೆ ಕೂತು ಜಮಖಾನ, ಚೀಟಿ, ಬಿಸ್ಕತ್ತುಗಳನ್ನು ನೆನೆದಾಗ ನಮ್ಮ ಸಭೆ ಯಾವ ಮೆಟ್ಟಿಲಲ್ಲಿತ್ತು ಎಂಬುದು ತಿಳಿಯಿತು, ಮನಸ್ಸಿಗೆ ಬಹಳ ನೋವಾಯಿತು. ಆದರೆ ಆ ಏಣಿಯಲ್ಲಿ ನನ್ನ ಗಮನ ಸೆಳೆದದ್ದು ಅದರ ತುದಿ. ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿನಲ್ಲಿ ಮಕ್ಕಳು ಮಾತ್ರವೇ ಇಲ್ಲ. ಮಕ್ಕಳು ಆರಂಭಿಸಿದ ಕೆಲಸದಲ್ಲಿ ದೊಡ್ಡವರೂ ಕೂಡಿ ತೀರ್ಮಾನ ತೆಗೆದುಕೊಳ್ಳುತ್ತಾರೆ. ಅಂದರೆ ದೊಡ್ಡವರು ಸುಮ್ಮನೆ ಹಿಂದೆ ಸರಿದುಬಿಟ್ಟರೆ ಕೆಲಸ ಮುಗಿಯುವುದಿಲ್ಲ. ಹಾಗಾದರೆ ಅವರು ಅಲ್ಲಿದ್ದು ಏನು ಮಾಡಬೇಕು ಎಂಬ ಪ್ರಶ್ನೆಗೆ ಸಂಜೆಯ ಬಸ್ಸಿನಲ್ಲಿ ಊರಿಗೆ ಮರಳುವವರೆಗೂ ನನಗೆ ಉತ್ತರ ಸಿಗಲಿಲ್ಲ.

ಜೂನ್‌ನಲ್ಲಿ ಮೊದಲ ಸಭೆ ಸೇರಿಸಿದೆ. ಐದನೇ ತರಗತಿಯಿಂದ ಹತ್ತನೇ ತರಗತಿಯವರೆಗಿನ 17 ಮಕ್ಕಳು ಬಂದಿದ್ದರು. ಊರಿನ ಸಮಸ್ಯೆಗಳೇನು ಎಂದು ಕೇಳಿದೆ. ಪ್ಲಾಸ್ಟಿಕ್ ಕಸ, ಗಿಡ ನೆಡುವುದು, ಪರಿಸರ ಸಂರಕ್ಷಣೆ ಎಂದು ಒಬ್ಬೊಬ್ಬರಾಗಿ ಹೇಳಿದರು. ಪ್ರತಿ ಉತ್ತರಕ್ಕೂ ನಾನು ‘ಗುಡ್’ ಎನ್ನುತ್ತಿದ್ದೆ, ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಅರ್ಧ ಗಂಟೆಯಾದ ಮೇಲೆ ಬೋರ್ಡನ್ನು ನೋಡಿದರೆ ಅದು ಪ್ರಬಂಧ ಸ್ಪರ್ಧೆಯ ವಿಷಯಗಳ ಪಟ್ಟಿಯಂತಿತ್ತು. ಮಕ್ಕಳು ಪ್ರಶ್ನೆಗೆ ಉತ್ತರಿಸಿರಲಿಲ್ಲ, ನನ್ನ ಮುಖ ನೋಡಿ ಉತ್ತರಿಸಿದ್ದರು. ಚಾಕ್‌ಪೀಸ್ ಹಿಡಿದು ನಿಂತವರ ಎದುರು ಮಕ್ಕಳು ಸರಿಯುತ್ತರವನ್ನು ಹುಡುಕುತ್ತಾರೆಯೇ ಹೊರತು ತಮ್ಮ ಮಾತನ್ನಲ್ಲ. ಪಾಠ ಹೇಳುವವರ ಪಾತ್ರ ದೊಡ್ಡದು, ಅದರ ಬಗ್ಗೆ ನನಗೆ ಗೌರವವಿದೆ. ಆ ದಿನದ ಕೆಲಸಕ್ಕೆ ಮಾತ್ರ ಅದು ಹೊಂದುತ್ತಿರಲಿಲ್ಲ.

ಮುಂದಿನ ವಾರ ಬೋರ್ಡನ್ನು ಗೋಡೆಯ ಕಡೆ ತಿರುಗಿಸಿ, ನೆಲದ ಮೇಲೆ ಅವರ ಜೊತೆ ಕೂತೆ. ಏನನ್ನೂ ಕೇಳದೆ, ಹರಿದ ಪುಸ್ತಕಗಳಿಗೆ ಅಂಟು ಹಚ್ಚುವ ಕೆಲಸವನ್ನು ಎಲ್ಲರಿಗೂ ಹಂಚಿದೆ. ಕೈಗೆ ಕೆಲಸ ಸಿಕ್ಕ ಮೇಲೆ ಮಾತು ತಾನಾಗಿ ಹುಟ್ಟಿತು. ಆರನೇ ತರಗತಿಯ ಹುಡುಗನೊಬ್ಬ ತನ್ನ ಚೀಲದಿಂದ ಸಮಾಜ ವಿಜ್ಞಾನದ ಪುಸ್ತಕ ತೆಗೆದು, ಇದಕ್ಕೂ ಅಂಟು ಹಚ್ಚಬಹುದಾ ಎಂದು ಕೇಳಿದ. ಹಾಳೆಗಳು ನೀರು ಕುಡಿದು ಉಬ್ಬಿ, ಒಂದಕ್ಕೊಂದು ಅಂಟಿ, ಅಂಚು ಮಣ್ಣಿನ ಬಣ್ಣಕ್ಕೆ ತಿರುಗಿದ್ದವು. ಹಿಂದಿನ ಮಳೆಗಾಲದಲ್ಲಿ ಸಂಕದ ಮೇಲೆ ಕಾಲು ಜಾರಿ ಚೀಲ ಹಳ್ಳಕ್ಕೆ ಬಿದ್ದಿತ್ತಂತೆ, ಅಣ್ಣನ ಪುಸ್ತಕ ಅದು, ಈಗ ಇವನಿಗೆ ಬಂದಿದೆ. ಅವನು ಹೇಳಿ ಮುಗಿಸುವುದರೊಳಗೆ ಇನ್ನೂ ನಾಲ್ಕು ಮಕ್ಕಳು ತಮ್ಮ ತಮ್ಮ ಸಂಕದ ಕತೆ ಶುರು ಮಾಡಿದರು. ನಾನು ಅಂಟಿನ ಡಬ್ಬಿ ಹಿಡಿದುಕೊಂಡು ಸುಮ್ಮನೆ ಕೇಳುತ್ತ ಕೂತೆ.

ಮಲೆನಾಡಿನವರಿಗೆ ಸಂಕವನ್ನು ವಿವರಿಸಬೇಕಾಗಿಲ್ಲ. ಆದರೂ ಬಯಲುಸೀಮೆಯ ಓದುಗರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಊರು ಎಂದರೆ ಒತ್ತಾಗಿ ಕೂಡಿದ ಮನೆಗಳಲ್ಲ. ತೋಟಕ್ಕೊಂದು, ಗದ್ದೆಯ ಅಂಚಿಗೊಂದು, ಗುಡ್ಡದ ಓರೆಗೊಂದು ಮನೆ, ನಡುವೆ ಹಳ್ಳ. ಬೇಸಿಗೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಹಾರಿ ದಾಟುವ ಹಳ್ಳ ಮಳೆಗಾಲದಲ್ಲಿ ಎದೆಮಟ್ಟ ಹರಿಯುತ್ತದೆ. ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಆಗುಂಬೆಯ ಜೊತೆಗೆ ನಮ್ಮ ತಾಲ್ಲೂಕಿನ ಹುಲಿಕಲ್ಲಿನ ಹೆಸರೂ ಬರುತ್ತದೆ. ಆಗ ಆಚೆ ದಡಕ್ಕೆ ಹೋಗಲು ಇರುವುದು ಎರಡೋ ಮೂರೋ ಅಡಿಕೆ ಮರಗಳನ್ನು ಅಡ್ಡ ಹಾಕಿ ಕಟ್ಟಿದ ಕಾಲುಸಂಕ. ಕೆಲವಕ್ಕೆ ಒಂದು ಬದಿಯಲ್ಲಿ ಬಿದಿರಿನ ಕೈಹಿಡಿ ಇರುತ್ತದೆ, ಕೆಲವಕ್ಕೆ ಅದೂ ಇಲ್ಲ.

ಆ ವರ್ಷ ಜೂನ್ ಪೂರ್ತಿ ಮಳೆ ಸರಿಯಾಗಿ ಹಿಡಿಯಲಿಲ್ಲ, ಜುಲೈನಲ್ಲಿ ಒಮ್ಮೆಲೇ ಹಿಡಿಯಿತು. ಪುಷ್ಯ ಮಳೆ ಜೋರಾಗಿ ಸುರಿಯುತ್ತಿದ್ದ ವಾರದಲ್ಲಿ ಮಕ್ಕಳು ಒಂದು ಯೋಜನೆಯೊಂದಿಗೆ ಬಂದರು. ಪಂಚಾಯಿತಿ ವ್ಯಾಪ್ತಿಯಲ್ಲಿ ಶಾಲೆಗೆ ಹೋಗುವ ದಾರಿಯಲ್ಲಿರುವ ಎಲ್ಲ ಸಂಕಗಳನ್ನೂ ಎಣಿಸಿ, ಉದ್ದ ಅಳೆದು, ನೀರು ಎಷ್ಟು ಎತ್ತರಕ್ಕೆ ಬರುತ್ತದೆಂದು ಗುರುತು ಹಾಕಬೇಕು. ನೀರು ತುಂಬಿರುವಾಗಲೇ ಹೋಗಬೇಕು, ಇಲ್ಲದಿದ್ದರೆ ದೊಡ್ಡವರು ನಂಬುವುದಿಲ್ಲ. ಯೋಚನೆ ಅವರದೇ, ಅದರಲ್ಲಿ ತರ್ಕವೂ ಇತ್ತು. ನಾನು ಬೇಡವೆಂದೆ. ಹಿಂದಿನ ವರ್ಷದ ಆಗಸ್ಟ್‌ನಲ್ಲಿ ಘಟ್ಟದ ಕೆಳಗೆ ಬೈಂದೂರಿನ ಕಡೆ ಕಾಲುಸಂಕ ದಾಟುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ನೀರುಪಾಲಾದ ಸುದ್ದಿ ನನ್ನ ಮನಸ್ಸಿನಲ್ಲಿ ಹಾಗೆಯೇ ಕೂತಿತ್ತು. ‘ಹೇಗಿದ್ರೂ ಮಳೆ ಜೋರಿದೆ, ಮುಂದೆ ನೋಡೋಣ’ ಎಂದು ಮಾತು ತೇಲಿಸಿದೆ, ಬೇರೆ ವಿಷಯಕ್ಕೆ ತಿರುಗಿಸಿದೆ. ಮಕ್ಕಳಿಗೆ ಅದು ತಿಳಿಯದೆ ಇರಲಿಲ್ಲ. ಹತ್ತನೇ ತರಗತಿಯ ಹುಡುಗ ಹೊರಡುವಾಗ ಬಾಗಿಲ ಬಳಿ ನಿಂತು, ‘ಅಕ್ಕ, ತೀರ್ಮಾನ ನಮ್ಮದು ಅಂತ ಹೇಳಿದ್ರಿ. ಈಗ ನಿಮ್ಮದಾಯ್ತಲ್ಲ’ ಎಂದ.

ಆ ರಾತ್ರಿ ನಿದ್ದೆ ಬರಲಿಲ್ಲ. ನಾನು ಬೇಡವೆಂದದ್ದು ಸರಿಯಾಗಿತ್ತು, ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ತಪ್ಪಾದದ್ದು ಹೇಳಿದ ರೀತಿಯಲ್ಲಿ. ಅವರ ಜೊತೆಗಾರಳಂತೆ ಕೂತುಕೊಂಡು, ಮನೆಯ ಹಿರಿಯಳ ಅಧಿಕಾರ ಚಲಾಯಿಸಿದ್ದೆ, ಅದನ್ನು ಮಾತಿನಲ್ಲಿ ಮರೆಮಾಚಿದ್ದೆ. ಮಾರನೆಯ ವಾರ ಎಲ್ಲರೂ ಕೂತ ಮೇಲೆ ನೇರವಾಗಿ ಹೇಳಿದೆ: ‘ನಿಮ್ಮ ಜೀವದ ವಿಷಯ ಬಂದಾಗ ತೀರ್ಮಾನ ನನ್ನದು. ಅದರಲ್ಲಿ ಓಟು ಹಾಕುವಂತಿಲ್ಲ. ಮಿಕ್ಕಿದ್ದರಲ್ಲಿ ನಿಮ್ಮದು. ಯಾವಾಗ ಯಾವುದು ಅಂತ ಮೊದಲೇ ಹೇಳ್ತೇನೆ, ಕದ್ದು ಮಾಡುವುದಿಲ್ಲ.’ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ನಂತರ ಆ ಹುಡುಗನೇ ಕೇಳಿದ, ‘ನಾವು ಅದೇ ಸಂಕದ ಮೇಲೆ ದಿನಾ ದಾಟ್ತೀವಲ್ಲ ಅಕ್ಕ, ಆಗ ತೀರ್ಮಾನ ಯಾರದ್ದು?’ ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಇಲ್ಲವೆಂದೇ ಹೇಳಿದೆ. ಆ ಪ್ರಶ್ನೆಯನ್ನು ಒಂದು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸೋಣ, ಗ್ರಾಮಸಭೆಯಲ್ಲಿ ಕೇಳಬೇಕಾದದ್ದು ಇದೇ ಅಲ್ಲವೇ ಎಂದು ಎಂಟನೇ ತರಗತಿಯ ಹುಡುಗಿಯೊಬ್ಬಳು ಹೇಳಿದಳು. ಅಂಟಿಸಿದೆವು.

ಅಂದಿನಿಂದ ಒಂದು ಪದ್ಧತಿ ಬೆಳೆಯಿತು. ಪ್ರತಿ ಸಭೆ ಆರಂಭವಾಗುವಾಗ ಆ ದಿನ ನಾನು ಏನು ಎಂಬುದನ್ನು ಹೇಳುತ್ತಿದ್ದೆ. ಇವತ್ತು ನಾನು ಕಲಿಸುವವಳು, ಅರ್ಜಿ ಎಂದರೇನೆಂದು ತಿಳಿಸುತ್ತೇನೆ. ಇವತ್ತು ಬರೆದುಕೊಳ್ಳುವವಳು ಮಾತ್ರ. ಇವತ್ತು ಕೇಳಿಸಿಕೊಳ್ಳುವವಳು. ನಾನು ಹೇಳಲು ಮರೆತರೆ ಚಿಕ್ಕ ಮಕ್ಕಳೇ ಕೇಳುತ್ತಿದ್ದರು.

ಆಗಸ್ಟ್‌ನಲ್ಲಿ ಮಳೆ ಕೈಕೊಟ್ಟಿತು. ರೈತರಿಗೆ ಅದು ದೊಡ್ಡ ಸಂಕಟದ ಕಾಲ, ಆದರೆ ಹಳ್ಳಗಳು ಇಳಿದದ್ದರಿಂದ ನಮ್ಮ ಅಳತೆಯ ಕೆಲಸ ಸಾಧ್ಯವಾಯಿತು. ಮನೆಯವರಿಂದ ಒಪ್ಪಿಗೆ ಬರೆಸಿಕೊಂಡು, ಪ್ರತಿ ತಂಡಕ್ಕೂ ಆ ದಾರಿಯ ಒಬ್ಬ ಹಿರಿಯರನ್ನು ಜೊತೆ ಮಾಡಿ, ನಾಲ್ಕು ಭಾನುವಾರಗಳಲ್ಲಿ 11 ಸಂಕಗಳನ್ನು ನೋಡಿದೆವು. ನೀರು ಎಷ್ಟು ಎತ್ತರ ಬಂದಿತ್ತೆಂಬುದಕ್ಕೆ ದಡದ ಗಿಡಗಳಿಗೆ ಸಿಕ್ಕಿಹಾಕಿಕೊಂಡ ಕಸಕಡ್ಡಿಯೇ ಸಾಕ್ಷಿ ಹೇಳುತ್ತದೆಂದು ತೋರಿಸಿಕೊಟ್ಟವರು ಆ ಹಿರಿಯರೇ. ಪ್ರಶ್ನಾವಳಿ ಮಾತ್ರ ಸಂಪೂರ್ಣವಾಗಿ ಮಕ್ಕಳದ್ದು. ಉದ್ದ, ಅಗಲ, ಕೈಹಿಡಿ ಇದೆಯೇ, ಎಷ್ಟು ಮಕ್ಕಳು ದಾಟುತ್ತಾರೆ ಎಂಬವುಗಳ ಜೊತೆಗೆ ನನಗೆ ಹೊಳೆಯದ ಎರಡು ಪ್ರಶ್ನೆಗಳಿದ್ದವು: ‘ಇದನ್ನು ಪ್ರತಿ ವರ್ಷ ಯಾರು ಕಟ್ಟುತ್ತಾರೆ?’, ‘ಮೊದಲು ದಾಟುವವರು ಯಾರು?’

ಎರಡನೆಯ ಭಾನುವಾರ ಸಿಕ್ಕ ಅಜ್ಜನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಎಪ್ಪತ್ತು ದಾಟಿದ ಅವರು ತಮ್ಮ ಕೇರಿಯ ಸಂಕವನ್ನು ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಕಟ್ಟಿಸುವವರು. ಮಕ್ಕಳು ಪ್ರಶ್ನಾವಳಿ ತೆಗೆದ ಕೂಡಲೇ, ‘ಬರೆಯೋದು ಆಮೇಲೆ, ಮೊದಲು ಇಲ್ಲಿ ಕಿವಿ ಕೊಡ್ರಾ’ ಎಂದು ಸಂಕದ ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತರು. ಸೊಂಟದ ಕತ್ತಿಯನ್ನು ತೆಗೆದು ಅದರ ಹಿಂಬದಿಯಿಂದ ಒಂದು ಮರವನ್ನು ತಟ್ಟಿದರು. ಗಟ್ಟಿಯಾದ, ಸಣ್ಣ ಸದ್ದು ಬಂತು. ಪಕ್ಕದ್ದನ್ನು ತಟ್ಟಿದರು. ಅದು ‘ಡೊಪ್’ ಎಂದಿತು. ಎರಡೂ ಹೊರಗಿನಿಂದ ಒಂದೇ ಬಣ್ಣ, ಒಂದೇ ಪಾಚಿ. ಅಡಿಕೆ ಮರದ ಹೊರಮೈ ಮಾತ್ರ ಗಟ್ಟಿ, ಒಳಗಿನದೆಲ್ಲ ಮೆತ್ತನೆಯ ತಿರುಳು, ತುದಿಯಿಂದ ನೀರು ಇಳಿದರೆ ಒಳಗೊಳಗೇ ಕುಂಬಾಗುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳಿಸುತ್ತದೆ ಎಂದು ವಿವರಿಸಿದರು. ಕತ್ತಿಯನ್ನು ಕೈಗೆ ಕೊಡದೆ, ಒಂದು ಕಲ್ಲು ಕೊಟ್ಟು ಎಲ್ಲ ಮಕ್ಕಳಿಂದಲೂ ತಟ್ಟಿಸಿದರು. ತಪ್ಪು ಹೇಳಿದವರನ್ನು, ‘ಕಿವಿ ಮನೇಲಿ ಬಿಟ್ಟು ಬಂದಿಯಾ?’ ಎಂದು ಗದರಿದರು. ತರಬೇತಿಯ ಕಪ್ಪುಹಲಗೆಯ ಲೆಕ್ಕದಲ್ಲಿ ಅವರು ಮಕ್ಕಳ ಅಭಿಪ್ರಾಯವನ್ನು ಕೇಳಲೇ ಇಲ್ಲ. ಆದರೆ ಆ ಅರ್ಧ ಗಂಟೆಯಲ್ಲಿ ಮಕ್ಕಳಿಗೆ ಬೇಕಾಗಿದ್ದದ್ದು ಬಲ್ಲವರೊಬ್ಬರು ತಾವು ಬಲ್ಲದ್ದನ್ನು ಪೂರ್ತಿಯಾಗಿ ಕೊಡುವುದು. ಅದನ್ನು ಅವರು ಕೊಟ್ಟರು. ನಾನು ಮಧ್ಯೆ ಬಾಯಿ ಹಾಕದೆ ದಡದಲ್ಲಿ ನಿಂತಿದ್ದೆ.

ಇದೇ ಕಾಲದಲ್ಲಿ ಇನ್ನೊಂದು ಘಟನೆ ನಡೆಯಿತು. ಬಾಯಿಬಿಟ್ಟು ಹೇಳಲಾಗದ್ದನ್ನು ಬರೆದು ಹಾಕಲೆಂದು ಕೋಣೆಯ ಮೂಲೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇಟ್ಟಿದ್ದೆ. ‘ಇಲ್ಲಿ ಬರೆದದ್ದು ಯಾರಿಗೂ ಗೊತ್ತಾಗುವುದಿಲ್ಲ’ ಎಂದು ಅದರ ಮೇಲೆ ನನ್ನ ಕೈಯಾರೆ ಬರೆದಿದ್ದೆ. ಒಂದು ದಿನ ಅದರಲ್ಲಿ, ಹತ್ತನೇ ತರಗತಿ ಮುಗಿದ ಕೂಡಲೇ ತನಗೆ ಮದುವೆ ಮಾಡಲು ಮನೆಯಲ್ಲಿ ಮಾತಾಗಿದೆಯೆಂಬ ಚೀಟಿ ಸಿಕ್ಕಿತು. ಹೆಸರಿರಲಿಲ್ಲ, ಆದರೆ ಅಕ್ಷರ ನನಗೆ ಪರಿಚಯದ್ದು. ಬಾಲ್ಯವಿವಾಹ ನಿಷೇಧ ಕಾಯ್ದೆ 2006ರ ಪ್ರಕಾರ 18 ವರ್ಷ ತುಂಬದ ಹುಡುಗಿಯ ಮದುವೆ ಮಾಡುವುದು ಅಪರಾಧ. ಇಂಥದ್ದು ತಿಳಿದ ಮೇಲೆ ನಾನು ಸುಮ್ಮನೆ ಕೂರುವಂತಿರಲಿಲ್ಲ, ಆದರೆ ಸುಮ್ಮನಿರುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದೆ. ಅವಳನ್ನು ಒಬ್ಬಳೇ ಇದ್ದಾಗ ಕರೆದು, ನಾನು ಮಾತು ಕೊಟ್ಟದ್ದೇ ತಪ್ಪು, ಮಕ್ಕಳ ರಕ್ಷಣೆಯ ಕೆಲಸ ಮಾಡುವವರಿಗೆ ಇದನ್ನು ತಿಳಿಸಲೇಬೇಕು, ತಿಳಿಸುವ ಮೊದಲು ನಿನಗೆ ಹೇಳುತ್ತಿದ್ದೇನೆ ಎಂದೆ. ಅವಳು ಅತ್ತಳು. ಅಪ್ಪನಿಗೆ ಗೊತ್ತಾದರೆ ತನ್ನನ್ನು ಗ್ರಂಥಾಲಯಕ್ಕೂ ಬಿಡುವುದಿಲ್ಲವೆಂದಳು. ಮೂರು ವಾರ ಅವಳು ಬರಲಿಲ್ಲ. ಅಧಿಕಾರಿಗಳು ಮನೆಗೆ ಹೋಗಿ ಮಾತನಾಡಿದರು, ಮನೆಯವರು ಬರವಣಿಗೆಯಲ್ಲಿ ಒಪ್ಪಿಕೊಂಡರು, ಮುಂದೆ ಅವಳು ಪಿಯುಸಿಗೂ ಸೇರಿದಳು. ಆದರೂ ನನ್ನೊಡನೆ ಮೊದಲಿನಂತೆ ಮಾತನಾಡಲು ಅವಳಿಗೆ ಬಹಳ ದಿನ ಬೇಕಾಯಿತು, ಅದು ಸಹಜವೂ ಹೌದು.

ಪೆಟ್ಟಿಗೆಯ ಮೇಲಿನ ಬರಹವನ್ನು ಬದಲಿಸಿದೆವು. ಈಗ ಅದರ ಮೇಲೆ ಹೀಗಿದೆ: ‘ಇಲ್ಲಿ ಬರೆದದ್ದನ್ನು ಅಕ್ಕ ಓದುತ್ತಾರೆ. ಬೇರೆ ಮಕ್ಕಳಿಗೆ ಹೇಳುವುದಿಲ್ಲ. ಯಾರಿಗಾದರೂ ಅಪಾಯವಿದ್ದರೆ ಸಹಾಯ ಮಾಡುವವರಿಗೆ ಹೇಳಲೇಬೇಕಾಗುತ್ತದೆ. ಹೇಳುವ ಮೊದಲು ನಿಮಗೆ ತಿಳಿಸುತ್ತಾರೆ.’ ಕೆಳಗೆ ಮಕ್ಕಳ ಸಹಾಯವಾಣಿ 1098. ಮಕ್ಕಳ ಜೊತೆ ಕೆಲಸ ಮಾಡುವ ಎಲ್ಲರಿಗೂ ಇದನ್ನು ಒತ್ತಿ ಹೇಳಬೇಕೆನಿಸುತ್ತದೆ. ಲೈಂಗಿಕ ದೌರ್ಜನ್ಯದ ವಿಷಯದಲ್ಲಂತೂ 2012ರ ಪೋಕ್ಸೊ ಕಾಯ್ದೆ ತಿಳಿದವರು ವರದಿ ಮಾಡುವುದನ್ನು ಕಡ್ಡಾಯಗೊಳಿಸಿದೆ. ಗುಟ್ಟು ಕಾಯುವ ಗೆಳತಿಯ ಪಾತ್ರ ನಮಗೆ ಪೂರ್ತಿಯಾಗಿ ಸಿಗುವುದಿಲ್ಲ. ಆ ಮಿತಿಯನ್ನು ಮಗು ಬಾಯಿ ತೆರೆಯುವ ಮೊದಲೇ ಹೇಳಬೇಕು, ತೆರೆದ ಮೇಲಲ್ಲ.

ಅಕ್ಟೋಬರ್ ಕೊನೆಯ ವಾರ ಅರ್ಜಿ ಬರೆಯುವ ಕೆಲಸಕ್ಕೆ ಕೂತೆವು. ಮಕ್ಕಳು ಹೇಳಿದ್ದನ್ನು ಗೀಚಿಕೊಂಡು ಹೋಗಿ, ಮನೆಯಲ್ಲಿ ಕೂತು ಎರಡು ಪುಟದ ಶುದ್ಧ ಪ್ರತಿ ಮಾಡಿ ತಂದೆ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸಾರ್ವಜನಿಕರ ಹಾಗೂ ವಿದ್ಯಾರ್ಥಿಗಳ ಹಿತದೃಷ್ಟಿಯಿಂದ ಸದರಿ ಸ್ಥಳದಲ್ಲಿ ಶಾಶ್ವತ ಕಿರುಸೇತುವೆಯನ್ನು ನಿರ್ಮಿಸಿಕೊಡಬೇಕಾಗಿ’ ಎಂದು ಆರಂಭವಾಗುತ್ತಿತ್ತು. ಕಚೇರಿಯಲ್ಲಿ ಹೀಗೆ ಬರೆದರೇ ಓದುತ್ತಾರೆಂಬ ನಂಬಿಕೆ ನನ್ನದು. ಗೋಡೆಗೆ ಪ್ರಶ್ನೆ ಅಂಟಿಸೋಣವೆಂದ ಎಂಟನೇ ತರಗತಿಯ ಹುಡುಗಿ ಅದನ್ನು ಕೊನೆಯವರೆಗೂ ಓದಿ, ನಾಲ್ಕಾಗಿ ಮಡಿಸಿ, ನನ್ನ ಕೈಗೇ ಕೊಟ್ಟಳು. ‘ಚೆನ್ನಾಗಿದೆ ಅಕ್ಕ. ಆದರೆ ಇದು ನಮ್ಮದಲ್ಲ. ನಾವು ಹೇಳಿದ್ದು ಎಲ್ಲಿದೆ?’ ಎಂದಳು.

ಅವರು ಹೇಳಿದ್ದು ನನ್ನ ಗೀಚುಪುಸ್ತಕದಲ್ಲೇ ಇತ್ತು. ಅದನ್ನು ತೆಗೆದು ಓದಿದೆ: ‘ಸಂಕ ದಾಟುವಾಗ ಚಪ್ಪಲಿ ಕೈಯಲ್ಲಿ ಹಿಡಿಯುತ್ತೇವೆ. ಮಳೆ ಜೋರಿರುವ ದಿನ ಅಮ್ಮ ನಮ್ಮ ಬ್ಯಾಗು ಹೊತ್ತು ಮೊದಲು ದಾಟುತ್ತಾಳೆ. ಅವಳು ಆಚೆ ಮುಟ್ಟಿದ ಮೇಲೆ ನಾವು. ಸಂಜೆ ಅವಳು ಕೊಟ್ಟಿಗೆ ಕೆಲಸ ಬಿಟ್ಟು ಮತ್ತೆ ಬಂದು ನಿಂತಿರಬೇಕು.’ ‘ಮೊದಲು ದಾಟುವವರು ಯಾರು’ ಎಂಬ ಪ್ರಶ್ನೆಗೆ 11 ಸಂಕಗಳಲ್ಲಿ 9ರಿಂದ ಬಂದ ಉತ್ತರ ಒಂದೇ ಆಗಿತ್ತು: ಅಮ್ಮ. ಆ ಸಂಗತಿ ನನ್ನ ಶುದ್ಧ ಪ್ರತಿಯಲ್ಲಿ ಎಲ್ಲಿಯೂ ಇರಲಿಲ್ಲ. ಆ ಸಂಜೆ ನಾನು ಬರಹಗಾರ್ತಿಯಾಗಿ ಉಳಿಯದೆ ಲಿಪಿಕಾರಳಾದೆ. ಮೇಲೆ ಯಾರಿಗೆ, ಯಾರಿಂದ, ವಿಷಯ ಎಂಬ ಮೂರು ಸಾಲುಗಳನ್ನು ಮಾತ್ರ ಕಚೇರಿಯ ಪದ್ಧತಿಯಲ್ಲಿ ಬರೆಯೋಣ, ಅದಿಲ್ಲದಿದ್ದರೆ ಕಡತ ಸೇರುವುದಿಲ್ಲ ಎಂದೆ. ಒಪ್ಪಿದರು. ಉಳಿದದ್ದನ್ನು ಅವರು ಹೇಳಿದಂತೆ, ಅವರು ಹೇಳಿದ ಕ್ರಮದಲ್ಲಿ ಬರೆದೆ. ಕಾಗುಣಿತ ತಿದ್ದಿದೆ, ಮಾತನ್ನು ತಿದ್ದಲಿಲ್ಲ.

ಇಷ್ಟರಲ್ಲಿ ಇನ್ನೊಂದು ತೊಡಕು ಎದುರಾಯಿತು. ಪಂಚಾಯಿತಿಯವರು ಸಭೆಯನ್ನು ಡಿಸೆಂಬರ್‌ನ ಒಂದು ಬೆಳಿಗ್ಗೆಗೆ ನಿಗದಿ ಮಾಡಿದರು. ಅದು ಅಡಿಕೆ ಕೊಯ್ಲಿನ ಕಾಲ. ರಾತ್ರಿ ಹನ್ನೊಂದರವರೆಗೂ ಮನೆಮಂದಿಯೆಲ್ಲ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಾರೆ, ದೊಡ್ಡ ಮಕ್ಕಳೂ ಕೂರುತ್ತಾರೆ, ಬೆಳಿಗ್ಗೆ ಅಂಗಳದಲ್ಲಿ ಹರಡುವ ಕೆಲಸವಿರುತ್ತದೆ. ಸಂಕದ ಆಚೆಯ ಮನೆಗಳ ಮಕ್ಕಳು ಬೆಳಗಿನ ಸಭೆಗೆ ಬರುವುದು ಸಾಧ್ಯವಿರಲಿಲ್ಲ. ರಸ್ತೆ ಬದಿಯ ಮಕ್ಕಳೇ ಬಂದು ಕೂರುತ್ತಿದ್ದರು. ಇಲ್ಲಿ ಮಕ್ಕಳನ್ನು ಮುಂದೆ ಕಳುಹಿಸಿ ನಾನು ಹಿಂದೆ ನಿಲ್ಲುವುದು ನ್ಯಾಯವಲ್ಲವೆನಿಸಿತು. ದೊಡ್ಡವರು ಮಾಡಿದ ಏರ್ಪಾಡನ್ನು ದೊಡ್ಡವರೊಡನೆ ಮಾತನಾಡಿ ಸರಿಪಡಿಸುವುದು ದೊಡ್ಡವರದೇ ಕೆಲಸ. ಮಕ್ಕಳಿಗೆ ತಿಳಿಸಿ, ಅವರ ಪರವಾಗಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರ ಬಳಿ ಮೂರು ಸಲ ಹೋದೆ. ಸಭೆಯ ಹೊತ್ತು ಮಧ್ಯಾಹ್ನಕ್ಕೆ ಬದಲಾಯಿತು. ಕುರ್ಚಿಗಳನ್ನು ವೇದಿಕೆಯಿಂದ ಇಳಿಸಿ ಸುತ್ತಲೂ ಹಾಕಲು, ಮಕ್ಕಳ ಮಾತು ಮುಗಿದ ಮೇಲೆಯೇ ಹಿರಿಯರ ಭಾಷಣವಿಟ್ಟುಕೊಳ್ಳಲು ಅಧ್ಯಕ್ಷೆ ಒಪ್ಪಿದರು. ‘ಮಕ್ಕಳ ಸಭೆ ಅಂದ್ಮೇಲೆ ಅವರೇ ಮೊದಲು ಮಾತಾಡ್ಲಿ ಬಿಡಮ್ಮ’ ಎಂದು ಅವರು ಸರಳವಾಗಿ ಹೇಳಿದಾಗ, ಇದುವರೆಗೆ ಯಾರೂ ಅವರನ್ನು ಕೇಳಿಯೇ ಇರಲಿಲ್ಲವೆಂದು ತಿಳಿಯಿತು.

ಸಭೆಯ ದಿನ ಅರ್ಜಿ ಓದಿದ್ದು ಒದ್ದೆ ಪುಸ್ತಕದ ಹುಡುಗ. ಓದುತ್ತಿರುವಾಗ ಅವನ ಕೈಯ ಹಾಳೆ ನಡುಗುವುದು ನನಗೆ ಕಾಣುತ್ತಿತ್ತು. ಅಮ್ಮ ಬ್ಯಾಗು ಹೊತ್ತು ದಾಟುವ ಸಾಲು ಬಂದಾಗ ಹಿಂದಿನ ಸಾಲಿನಲ್ಲಿ ಕೂತಿದ್ದ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಓದಿ ಮುಗಿದ ಮೇಲೆ ಹಿರಿಯರೊಬ್ಬರು ಎದ್ದು, ಇದನ್ನು ಮಕ್ಕಳ ಕೈಯಲ್ಲಿ ದೊಡ್ಡವರು ಓದಿಸಿದ್ದಾರೆ, ಮೊನ್ನೆ ಜೂನ್‌ನಲ್ಲಿ ಹೊಸದಾಗಿ ಕಟ್ಟಿದ ಸಂಕವೂ ಈ ಪಟ್ಟಿಯಲ್ಲಿದೆಯಲ್ಲ, ಅದಕ್ಕೇನಾಗಿದೆ ಎಂದು ಕೇಳಿದರು. ನಾನು ಕುರ್ಚಿಯಿಂದ ಎದ್ದೆ, ಉತ್ತರ ನಾಲಿಗೆಯ ತುದಿಯಲ್ಲಿತ್ತು. ಹತ್ತನೇ ತರಗತಿಯ ಹುಡುಗ ತಿರುಗಿ ನೋಡಿದ. ಏನೂ ಹೇಳಲಿಲ್ಲ, ನೋಡಿದ ಅಷ್ಟೆ. ಆ ದಿನ ಬೆಳಿಗ್ಗೆ ‘ಇವತ್ತು ನಾನು ಕೇಳಿಸಿಕೊಳ್ಳುವವಳು’ ಎಂದು ಹೇಳಿದ್ದು ನೆನಪಾಗಿ ಕೂತೆ.

ಮೌನ ಬಹಳ ಹೊತ್ತಿದ್ದಂತೆ ನನಗೆ ಅನಿಸಿತು. ಆಮೇಲೆ ಎಂಟನೇ ತರಗತಿಯ ಹುಡುಗಿ ಎದ್ದಳು. ‘ಅದರಲ್ಲಿ ಮೂರು ಮರ ಇದೆ. ನಡುವಿನದ್ದು ಹೊಸದಲ್ಲ, ಹಳೇ ಸಂಕದ್ದನ್ನೇ ಮತ್ತೆ ಹಾಕಿದ್ದಾರೆ. ಮೇಲಿಂದ ಗೊತ್ತಾಗಲ್ಲ. ತಟ್ಟಿ ನೋಡಿದ್ರೆ ಗೊತ್ತಾಗತ್ತೆ, ಒಳಗೆ ಕುಂಬಾಗಿದೆ. ಬನ್ನಿ, ಬೇಕಾದ್ರೆ ತೋರಿಸ್ತೀವಿ’ ಎಂದಳು. ಆ ಸಂಕ ಕಟ್ಟಿದವರಲ್ಲಿ ಒಬ್ಬರು ಸಭೆಯಲ್ಲೇ ಇದ್ದರು. ‘ಹೌದು, ನಡುವಿನದು ಹಳೇದೇ. ಮರ ಸಿಗಲಿಲ್ಲ’ ಎಂದು ಕೂತಲ್ಲಿಂದಲೇ ಒಪ್ಪಿಕೊಂಡರು. ಯಾರು ಓದಿಸಿದರು ಎಂಬ ಮಾತು ಅಲ್ಲಿಗೆ ನಿಂತಿತು. ನಾನು ಎದ್ದು ಉತ್ತರಿಸಿದ್ದರೆ ಆ ಹಿರಿಯರ ಅನುಮಾನವನ್ನು ನಾನೇ ನಿಜ ಮಾಡಿದಂತಾಗುತ್ತಿತ್ತು. ಅಷ್ಟೇ ಅಲ್ಲ, ನಡುವಿನ ಮರದ ವಿಷಯ ನನಗೆ ಗೊತ್ತೇ ಇರಲಿಲ್ಲ. ಅದು ನಾನಿಲ್ಲದ ಭಾನುವಾರ ಮಕ್ಕಳು ಕಂಡುಹಿಡಿದದ್ದು.

ಗೋಡೆಗೆ ಅಂಟಿಸಿದ್ದ ಪ್ರಶ್ನೆಯನ್ನೂ ಕೇಳಿದರು. ಶಾಲೆಗೆ ಹೋಗಲು ನಾವು ದಿನಾ ಈ ಸಂಕ ದಾಟುವ ತೀರ್ಮಾನ ಯಾರದ್ದು ಎಂಬುದಕ್ಕೆ ಸಭೆಯಲ್ಲಿದ್ದ ಯಾವ ದೊಡ್ಡವರೂ ಉತ್ತರಿಸಲಿಲ್ಲ. ಆ ಪ್ರಶ್ನೆಯನ್ನು ಇದ್ದಂತೆಯೇ ನಡಾವಳಿ ಪುಸ್ತಕದಲ್ಲಿ ಬರೆಸಿಕೊಂಡಿದ್ದಾರೆ.

ಫಲವೇನಾಯಿತು ಎಂದು ಕೇಳುವವರಿಗೆ ಇದ್ದದ್ದನ್ನು ಹೇಳುತ್ತೇನೆ. ಅತಿ ಹೆಚ್ಚು ಮಕ್ಕಳು ದಾಟುವ ಎರಡು ಸಂಕಗಳನ್ನು ಎಂಜಿನಿಯರ್ ಬಂದು ಅಳೆದರು. ಒಂದಕ್ಕೆ ಕಾಂಕ್ರೀಟಿನ ಕಿರುಸೇತುವೆ ಆಗಿದೆ. ಇನ್ನೊಂದರ ಆಚೆ ದಡ ಅರಣ್ಯಕ್ಕೆ ಸೇರಿದ್ದರಿಂದ ಅನುಮತಿಯ ಕಡತ ಓಡಾಡುತ್ತಿದೆ. ಉಳಿದ 9 ಸಂಕಗಳನ್ನು ಎಂದಿನಂತೆ ಊರವರೇ ಕಟ್ಟುತ್ತಾರೆ, ಆದರೆ ಎಲ್ಲಕ್ಕೂ ಕೈಹಿಡಿ ಹಾಕುವುದು ರೂಢಿಗೆ ಬಂದಿದೆ, ಮೇ ಕೊನೆಯಲ್ಲಿ ಅಜ್ಜ ಮಕ್ಕಳನ್ನು ಕರೆದುಕೊಂಡು ಹೋಗಿ ಮರಗಳನ್ನು ತಟ್ಟಿಸಿ ನೋಡುತ್ತಾರೆ. ಕಡತ ಎಲ್ಲಿಗೆ ಬಂತೆಂದು ತಿಂಗಳಿಗೊಮ್ಮೆ ವಿಚಾರಿಸಿ, ತಿಳಿದದ್ದನ್ನು ಗ್ರಂಥಾಲಯದ ಬೋರ್ಡಿನಲ್ಲಿ ಬರೆಯುವುದು ನನಗೆ ಮಕ್ಕಳು ವಹಿಸಿರುವ ಕೆಲಸ. ಬರೆಯಲು ಏನೂ ಇಲ್ಲದ ತಿಂಗಳು ‘ಏನೂ ಆಗಿಲ್ಲ’ ಎಂದು ಬರೆಯಬೇಕೆಂಬುದೂ ಅವರದೇ ನಿಯಮ.

ಅಂದು ಹತ್ತನೇ ತರಗತಿಯಲ್ಲಿದ್ದ ಹುಡುಗ ಈಗ ಸಾಗರದಲ್ಲಿ ಓದುತ್ತಿದ್ದಾನೆ. ರಜೆಗೆ ಬಂದಾಗ ಹೊಸ ಮಕ್ಕಳ ಸಭೆಯನ್ನು ಅವನೇ ನಡೆಸುತ್ತಾನೆ. ಕಳೆದ ಸಲ ಒಂದು ವಿಷಯಕ್ಕೆ ಚಿಕ್ಕವರ ಮೇಲೆ ಸ್ವಲ್ಪ ಜೋರು ಮಾಡಿದ. ಸಭೆ ಮುಗಿದ ಮೇಲೆ ನನ್ನ ಮೇಜಿನ ಬಳಿ ಬಂದು, ‘ಅಕ್ಕ, ನಾನು ಶುರುವಲ್ಲಿ ಹೇಳೋದು ಮರೆತೆ’ ಎಂದ. ಮುಂದಿನ ಶನಿವಾರ ಇನ್ನೊಂದು ಸಭೆಯಿದೆ, ಹೇಳಿಯೇ ಶುರು ಮಾಡುತ್ತೇನೆಂದು ಹೇಳಿ, ಹಂಚಿಹೋಗಿದ್ದ ಜಮಖಾನಗಳನ್ನು ಸುತ್ತಿಡಲು ಹೋದ.